ಮನೆಯಿಂದ ಕೆಲಸ: ಮಾಲೀಕರ ಪ್ರಶ್ನೆಗಳಿಗೆ ಉತ್ತರ

ಸಿಬ್ಬಂದಿಗೆ ಮನೆಯಿಂದ ಕೆಲಸ ಮಾಡಲು ಅವಕಾಶ ಕೊಡಬೇಕೇ, ಕೊಟ್ಟರೆ ಎಷ್ಟು, ಯಾರಿಗೆ ಎಂದು ಕೇಳಿ ಸಣ್ಣ ಮತ್ತು ಮಧ್ಯಮ ಉದ್ಯಮಗಳನ್ನು ನಡೆಸುವ ಹಲವು ಓದುಗರು ಬರೆದಿದ್ದಾರೆ. ಆಯ್ದ ಆರು ಪತ್ರಗಳಿಗೆ ಈ ಬಾರಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ನಮ್ಮದು ಹದಿನೆಂಟು ಜನರಿರುವ ಲೆಕ್ಕಪತ್ರ ಮತ್ತು ತೆರಿಗೆ ಸಲಹೆಯ ಕಚೇರಿ. ತಿಂಗಳಿಗೆ ಅರವತ್ತು ಸಾವಿರ ರೂಪಾಯಿ ಬಾಡಿಗೆ ಕಟ್ಟುತ್ತಿದ್ದೇವೆ. ಕರಾರು ನವೀಕರಿಸುವ ಸಮಯ ಬಂದಿದೆ. ಸಿಬ್ಬಂದಿಯಲ್ಲಿ ಹೆಚ್ಚಿನವರು ಮನೆಯಿಂದಲೇ ಕೆಲಸ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಕಚೇರಿಯನ್ನು ಪೂರ್ತಿ ಬಿಟ್ಟುಬಿಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರದಲ್ಲಿ ಬಾಡಿಗೆಯ ಮೊತ್ತವಿದೆ, ಹದಿನೆಂಟು ಜನರಲ್ಲಿ ಕೆಲಸ ಬಲ್ಲವರು ಎಷ್ಟು, ಇನ್ನೂ ಕಲಿಯುತ್ತಿರುವವರು ಎಷ್ಟು ಎಂಬ ವಿವರವಿಲ್ಲ. ನಿಮ್ಮ ನಿರ್ಧಾರ ನಿಂತಿರುವುದು ಈ ಎರಡನೆಯ ಲೆಕ್ಕದ ಮೇಲೆ. ಕಚೇರಿಯನ್ನು ಪೂರ್ತಿ ಬಿಡಬೇಡಿ ಎಂಬುದು ನನ್ನ ಸಲಹೆ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಉಳಿತಾಯವನ್ನು ನೋಡೋಣ. ಅರವತ್ತು ಸಾವಿರವನ್ನು ಹದಿನೆಂಟು ಜನರಿಗೆ ಹಂಚಿದರೆ ತಲೆಗೆ ತಿಂಗಳಿಗೆ ಸುಮಾರು 3,300 ರೂಪಾಯಿ ಆಗುತ್ತದೆ; ವಿದ್ಯುತ್ ಬಿಲ್ಲು, ಚಹಾ, ಸ್ವಚ್ಛತೆಯ ಖರ್ಚು ಸೇರಿದರೆ ಇನ್ನಷ್ಟು. ಇದು ಕಡಿಮೆಯೇನಲ್ಲ. ಆದರೆ ಲ್ಯಾಪ್‌ಟಾಪ್, ಯುಪಿಎಸ್, ಇಂಟರ್ನೆಟ್ ಭತ್ಯೆ, ಕಚೇರಿಯ ಕಂಪ್ಯೂಟರಿನಲ್ಲಿರುವ ಟ್ಯಾಲಿ ಲೆಕ್ಕಪತ್ರ ತಂತ್ರಾಂಶದ ದತ್ತಾಂಶವನ್ನು ಎಲ್ಲರೂ ದೂರದಿಂದ ತೆರೆಯುವಂತೆ ಮಾಡುವ ವೆಚ್ಚ, ಬಿಲ್ಲುಗಳ ಕಟ್ಟು ಹಿಡಿದು ಬರುವ ಗ್ರಾಹಕರನ್ನು ಕೂರಿಸಿ ಮಾತನಾಡಲು ಒಂದು ಜಾಗ, ಹಳೆಯ ಕಡತಗಳಿಗೆ ಒಂದು ಕೋಣೆ, ಇವೆಲ್ಲವೂ ಇದೇ ಉಳಿತಾಯದಿಂದ ಹೊರಡಬೇಕು.

ಮನೆಯಲ್ಲಿ ಕೆಲಸ ಹೆಚ್ಚು ಸಾಗುತ್ತದೆ ಎನ್ನುವವರು ಸಾಮಾನ್ಯವಾಗಿ ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಪ್ರಯೋಗವನ್ನು ಉದಾಹರಿಸುತ್ತಾರೆ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2010–11ರಲ್ಲಿ ಆ ಕಂಪನಿಯ ಶಾಂಘೈ ಕಾಲ್ ಸೆಂಟರ್‌ನಲ್ಲಿ ಒಂಬತ್ತು ತಿಂಗಳು ನಡೆಸಿದ ಆ ಪ್ರಯೋಗದಲ್ಲಿ ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು, ಕೆಲಸ ಬಿಟ್ಟುಹೋಗುವವರ ಪ್ರಮಾಣ ಅರ್ಧಕ್ಕಿಳಿಯಿತು. ಇಷ್ಟನ್ನು ಹೇಳಿ ನಿಲ್ಲಿಸುವುದು ಸರಿಯಲ್ಲ. ಆ ಪ್ರಯೋಗಕ್ಕೆ ಆಯ್ಕೆಯಾದವರು ತಾವಾಗಿ ಒಪ್ಪಿ ಬಂದವರು. ಕಂಪನಿಯಲ್ಲಿ ಕನಿಷ್ಠ ಆರು ತಿಂಗಳು ದುಡಿದವರು. ಮನೆಯಲ್ಲಿ ಪ್ರತ್ಯೇಕ ಕೋಣೆ ಮತ್ತು ಬ್ರಾಡ್‌ಬ್ಯಾಂಡ್ ಉಳ್ಳವರು. ವಾರದಲ್ಲಿ ಒಂದು ದಿನ ಅವರೂ ಕಚೇರಿಗೆ ಬರುತ್ತಿದ್ದರು. ಪ್ರಯೋಗ ಮುಗಿದು, ಎಲ್ಲಿ ಬೇಕಾದರೂ ಕೆಲಸ ಮಾಡಿ ಎಂದಾಗ, ಮನೆಯಿಂದ ದುಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಚೇರಿಯನ್ನೇ ಆರಿಸಿಕೊಂಡರು.

ನಮಗೆ ಹತ್ತಿರದ ಇನ್ನೊಂದು ಪ್ರಯೋಗ ಚೆನ್ನೈನದು. ಡೇಟಾ ಎಂಟ್ರಿ ಕೆಲಸಕ್ಕೆ ಹೊಸದಾಗಿ ಸೇರಿದವರಲ್ಲಿ ಕೆಲವರನ್ನು ಮನೆಗೂ ಕೆಲವರನ್ನು ಕಚೇರಿಗೂ ಚೀಟಿ ಎತ್ತಿದಂತೆ ಹಂಚಿದಾಗ, ಮನೆಯವರ ಉತ್ಪಾದಕತೆ ಕಚೇರಿಯವರಿಗಿಂತ ಶೇ 18ರಷ್ಟು ಕಡಿಮೆ ಇತ್ತು. ಈ ಅಂತರದ ಮೂರನೇ ಎರಡು ಭಾಗ ಮೊದಲ ದಿನದಿಂದಲೇ ಇತ್ತು. ಉಳಿದದ್ದು ಕಚೇರಿಯವರು ಬೇಗ ಬೇಗ ಕಲಿತದ್ದರಿಂದ ಬಂತು. ಇನ್ನೂ ಗಮನಿಸಬೇಕಾದ ಮಾತೆಂದರೆ, ಮನೆಯನ್ನೇ ಬಯಸಿದವರು ಕಚೇರಿಗಿಂತ ಮನೆಯಲ್ಲಿ ಶೇ 27ರಷ್ಟು ಹಿಂದೆ ಬಿದ್ದರೆ, ಕಚೇರಿಯನ್ನು ಬಯಸಿದವರು ಮನೆಯಲ್ಲಿ ಹಿಂದೆ ಬಿದ್ದದ್ದು ಶೇ 13ರಷ್ಟು ಮಾತ್ರ. ಮಕ್ಕಳು, ಹಿರಿಯರ ಆರೈಕೆ, ಬಡತನ ಇತ್ಯಾದಿ ಕಾರಣಗಳಿಂದ ಮನೆ ಬಿಟ್ಟು ಬರಲಾಗದವರೇ ಮನೆಯ ಕೆಲಸವನ್ನು ಹೆಚ್ಚು ಬಯಸುತ್ತಾರೆ ಎಂಬುದು ಇದಕ್ಕೆ ಒಂದು ಕಾರಣ. ಆದ್ದರಿಂದ ‘ಸಿಬ್ಬಂದಿ ಬಯಸುತ್ತಿದ್ದಾರೆ’ ಎಂಬುದೊಂದೇ ನಿಮ್ಮ ನಿರ್ಧಾರಕ್ಕೆ ಆಧಾರವಾಗಬಾರದು. ಹಾಗೆಂದು ಅಂಥವರ ಕೋರಿಕೆಯನ್ನು ತಳ್ಳಿಹಾಕಿ ಎಂದೂ ನಾನು ಹೇಳುತ್ತಿಲ್ಲ. ಅವರಿಗೆ ಬೇಕಾಗಿರುವುದು ಬಹುಶಃ ಹೊಂದಿಕೆಯ ವೇಳೆ, ಪೂರ್ತಿ ಮನೆಯಲ್ಲಿರುವುದಲ್ಲ.

ಈಗ ನಿಮ್ಮದೇ ಕಚೇರಿಯ ಒಂದು ದಿನವನ್ನು ಗಮನಿಸಿ. ಹೊಸದಾಗಿ ಸೇರಿದ ಹುಡುಗಿಯ ಮುಂದೆ ಲಾರಿ ಬಾಡಿಗೆಯ ಬಿಲ್ಲೊಂದು ಬರುತ್ತದೆ. ಅದಕ್ಕೆ ರಿವರ್ಸ್ ಚಾರ್ಜ್ (ಜಿಎಸ್‌ಟಿಯನ್ನು ಸೇವೆ ಕೊಟ್ಟವರ ಬದಲು ಪಡೆದವರೇ ಕಟ್ಟುವ ನಿಯಮ) ಅನ್ವಯಿಸುತ್ತದೋ ಇಲ್ಲವೋ ಎಂಬುದು ಅವಳಿಗೆ ಗೊತ್ತಿಲ್ಲ. ಕಚೇರಿಯಲ್ಲಿದ್ದರೆ ಬಿಲ್ಲನ್ನು ಪಕ್ಕದ ಮೇಜಿನತ್ತ ಹಿಡಿದು, ‘ಮೇಡಂ, ಇದನ್ನ ಯಾವ ಲೆಡ್ಜರಿಗೆ ಹಾಕಲಿ?’ ಎಂದು ಕೇಳುತ್ತಾಳೆ. ಹಿರಿಯರು ಅರ್ಧ ನಿಮಿಷ ನೋಡಿ ಹೇಳುತ್ತಾರೆ. ಆಚೆ ಕುಳಿತ ಇನ್ನೊಬ್ಬ ಹುಡುಗನೂ ಕೇಳಿಸಿಕೊಂಡು ಕಲಿಯುತ್ತಾನೆ. ಮನೆಯಲ್ಲಿದ್ದರೆ ಅವಳು ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆಯನ್ನು ಬರೆಯುತ್ತಾಳೆ, ಇಷ್ಟು ಸಣ್ಣದನ್ನು ಕೇಳುವುದು ಹೇಗೆಂದು ಅಳಿಸುತ್ತಾಳೆ, ಕೊನೆಗೆ ತೋಚಿದ ಲೆಡ್ಜರಿಗೆ ಹಾಕುತ್ತಾಳೆ. ಆ ತಪ್ಪು ಗ್ರಾಹಕರಿಗೆ ತೆರಿಗೆ ಇಲಾಖೆಯ ನೋಟಿಸು ಬಂದಾಗ ಹೊರಬೀಳುತ್ತದೆ. ಬಾಡಿಗೆಯ ಉಳಿತಾಯ ಮುಂದಿನ ತಿಂಗಳ ಲೆಕ್ಕದಲ್ಲೇ ಕಾಣುತ್ತದೆ. ಕಲಿಯದೆ ಉಳಿದವರಿಂದಾಗುವ ನಷ್ಟ ಕಾಣಲು ವರ್ಷಗಳು ಬೇಕು, ಕಂಡಾಗಲೂ ಅದು ಬೇರೆ ಹೆಸರಿನಲ್ಲಿ ಕಾಣುತ್ತದೆ. ಮಾಲೀಕರು ದಾರಿ ತಪ್ಪುವುದು ಇಲ್ಲಿಯೇ.

ಹಾಗಾಗಿ ಹತ್ತು ಮೇಜುಗಳು ಹಿಡಿಯುವ ಸಣ್ಣ ಜಾಗ ನೋಡಿ. ಎರಡು ವರ್ಷಕ್ಕಿಂತ ಕಡಿಮೆ ಅನುಭವದವರು ಕಚೇರಿಯಲ್ಲೇ ಇರಲಿ. ಅವರಿಗೆ ಹೇಳಿಕೊಡಲು ಹಿರಿಯರಲ್ಲಿ ಇಬ್ಬರಾದರೂ ಸರದಿಯಂತೆ ದಿನವೂ ಬರಲಿ. ನುರಿತವರು ಉಳಿದ ದಿನಗಳಲ್ಲಿ ಮನೆಯಿಂದ ಮಾಡಲಿ. ತಿಂಗಳ ಜಿಎಸ್‌ಟಿ ವಿವರಪಟ್ಟಿಗಳಾದ ಜಿಎಸ್‌ಟಿಆರ್-1 ಮತ್ತು ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 11 ಮತ್ತು 20ನೇ ತಾರೀಖುಗಳಿಗೆ ಮುಂಚಿನ ಎರಡು ದಿನ ಅನುಮಾನಗಳು ಒಟ್ಟೊಟ್ಟಿಗೆ ಏಳುವುದರಿಂದ, ಆಗ ಜಾಗ ಇಕ್ಕಟ್ಟಾದರೂ ಎಲ್ಲರೂ ಒಂದೆಡೆ ಸೇರುವುದು ಒಳ್ಳೆಯದು.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಯಂತ್ರಭಾಗಗಳ ಕಾರ್ಖಾನೆ ಇದೆ. ಡಿಸೈನ್ ಮತ್ತು ಅಕೌಂಟ್ಸ್ ವಿಭಾಗದವರು ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಕೇಳುತ್ತಿದ್ದಾರೆ. ಕೊಟ್ಟರೆ ಯಂತ್ರದ ಮುಂದೆ ನಿಲ್ಲುವವರು ಏನೆಂದುಕೊಂಡಾರು ಎಂಬ ಚಿಂತೆ ನನ್ನದು.
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಚಿಂತೆ ನ್ಯಾಯವಾದದ್ದು. ಆದರೆ ಯಾರು ಏನೆಂದುಕೊಂಡಾರು ಎನ್ನುವುದಕ್ಕಿಂತ ಮೊದಲು, ಈ ಎರಡು ವಿಭಾಗಗಳ ಕೆಲಸ ಒಂದೇ ಬಗೆಯದಲ್ಲ ಎಂಬುದನ್ನು ನೋಡಿ. ಅಕೌಂಟ್ಸ್‌ನವರು ಶಾಪ್ ಫ್ಲೋರಿಗೆ ಇಳಿಯುವುದು ಅಪರೂಪ. ಡಿಸೈನ್‌ನವರ ವಿಷಯ ಹಾಗಲ್ಲ. ಹೊಸ ಜಾಬ್‌ನ (ಹೊಸ ಬಿಡಿಭಾಗ ತಯಾರಿಸುವ ಕೆಲಸದ) ಫಸ್ಟ್ ಪೀಸ್ ಯಂತ್ರದಿಂದ ಹೊರಬಂದಾಗ, ಡ್ರಾಯಿಂಗ್‌ನಲ್ಲಿ ಕೊಟ್ಟ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆಯ ಮಿತಿ) ಹಿಡಿಯುವುದು ಈ ಯಂತ್ರದಲ್ಲಿ ಸಾಧ್ಯವಿಲ್ಲವೆಂದು ಆಪರೇಟರ್‌ಗೆ ಅನ್ನಿಸಿದರೆ, ಅವರು ಪೀಸನ್ನು ಕೈಯಲ್ಲೇ ಹಿಡಿದು ಮೇಲಿನ ಮಹಡಿಗೆ ಹೋಗುತ್ತಾರೆ. ಡಿಸೈನರ್ ಅದನ್ನು ಬೆರಳಿನಿಂದ ಸವರಿ ನೋಡಿ, ವರ್ನಿಯರ್ ಹಾಕಿ ಅಳೆದು, ಅಲ್ಲೇ ಒಂದು ತಿದ್ದುಪಡಿ ಮಾಡುತ್ತಾರೆ. ಡಿಸೈನರ್ ಮನೆಯಲ್ಲಿದ್ದರೆ ಆಪರೇಟರ್ ಫೋಟೋ ಕಳಿಸಬಹುದು, ಆದರೆ ಮೇಲ್ಮೈಯ ಒರಟುತನ ಫೋಟೋದಲ್ಲಿ ಸಿಕ್ಕುವುದಿಲ್ಲ. ಹೆಚ್ಚಿನ ಆಪರೇಟರ್‌ಗಳು ಫೋನ್ ಮಾಡುವ ಗೋಜಿಗೂ ಹೋಗದೆ ಡ್ರಾಯಿಂಗ್‌ನಲ್ಲಿದ್ದಂತೆ ಓಡಿಸಿಬಿಡುತ್ತಾರೆ. ಆಮೇಲೆ ಇಡೀ ಬ್ಯಾಚ್ ರಿಜೆಕ್ಷನ್ ಆಗುತ್ತದೆ.

ಆದ್ದರಿಂದ ಹೊಸ ಜಾಬ್ ಏರುವ ದಿನಗಳಲ್ಲಿ ಡಿಸೈನ್‌ನವರು ಕಾರ್ಖಾನೆಯಲ್ಲೇ ಇರಬೇಕು, ಎಡೆಬಿಡದೆ ಕುಳಿತು ಮಾದರಿ ಬಿಡಿಸಬೇಕಾದ ದಿನಗಳಲ್ಲಿ ಮನೆಯಲ್ಲಿರಬಹುದು ಎಂದು ಗೊತ್ತುಮಾಡಿ. ದಿನಗಳನ್ನು ಸೋಮವಾರ, ಬುಧವಾರ ಎಂದು ಕ್ಯಾಲೆಂಡರ್ ನೋಡಿ ಹಂಚಬೇಡಿ. ಉತ್ಪಾದನೆಯ ವೇಳಾಪಟ್ಟಿ ನೋಡಿ ಹಂಚಿ. ಇನ್ನು ಯಂತ್ರದ ಮುಂದಿರುವವರಿಗೆ ಮನೆ ಕೊಡಲಾಗದಿದ್ದರೂ ವೇಳೆಯ ಅನುಕೂಲ ಕೊಡಬಹುದು: ಪಾಳಿಯನ್ನು ಪರಸ್ಪರ ಬದಲಿಸಿಕೊಳ್ಳುವ ಸ್ವಾತಂತ್ರ್ಯ, ತಿಂಗಳ ಪಾಳಿ ಪಟ್ಟಿಯನ್ನು ಮುಂಚಿತವಾಗಿ ಹಾಕುವುದು, ಓಡಾಟದ ಭತ್ಯೆ. ಮನೆಯಿಂದ ದುಡಿಯುವವರಿಗೆ ಬಸ್ ಖರ್ಚೂ ರಸ್ತೆಯ ವೇಳೆಯೂ ಉಳಿಯುವಾಗ ಇವರಿಗೆ ಏನೂ ಸಿಗದಿದ್ದರೆ ಅಸಮಾಧಾನ ಹುಟ್ಟುವುದು ಸಹಜವೇ.

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ಸಂಸ್ಥೆಯ ನಲವತ್ತು ಜನ ಮನೆಯಿಂದ ಕೆಲಸ ಮಾಡುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತೆಗೆಯುವ, ಮೌಸ್ ಚಲನೆ ಎಣಿಸುವ ತಂತ್ರಾಂಶವನ್ನು ಹಾಕಿಸಲು ಒಬ್ಬ ಮಾರಾಟಗಾರರು ಒತ್ತಾಯಿಸುತ್ತಿದ್ದಾರೆ. ಹಾಕಿಸಲೇ?
– ಓದುಗರು, ಮೈಸೂರು

ಉತ್ತರ: ಬೇಡ. ಈ ವಿಷಯದಲ್ಲಿ ನನಗೆ ಸಂದೇಹವೇ ಇಲ್ಲ.

ಅಂಥ ತಂತ್ರಾಂಶ ಎಣಿಸುವುದು ಮೌಸನ್ನು, ಕೆಲಸವನ್ನಲ್ಲ. ಒಂದು ಕಠಿಣ ದೋಷದ ಮೂಲ ಹುಡುಕಲು ಕಾಗದ ಪೆನ್ನು ಹಿಡಿದು ಕೂತ ಎಂಜಿನಿಯರ್ ಅದರ ಲೆಕ್ಕದಲ್ಲಿ ಸೋಮಾರಿ. ಸುಮ್ಮನೆ ಕಿಟಕಿಗಳನ್ನು ಬದಲಿಸುತ್ತ ಕೂತವರು ಚುರುಕಿನವರು. ಇಂಥ ಅಳತೆಯನ್ನು ಹಾಕಿದ ಮೇಲೆ ಜನ ಅಳತೆಗೆ ತಕ್ಕಂತೆ ನಡೆಯಲು ಕಲಿಯುತ್ತಾರೆ, ಆ ಬುದ್ಧಿವಂತಿಕೆಯೂ ನಿಮ್ಮ ಸಂಬಳದಲ್ಲೇ ಖರ್ಚಾಗುತ್ತದೆ. ಎರಡನೆಯದಾಗಿ, ಮನೆಯ ಪರದೆಯ ಚಿತ್ರ ತೆಗೆಯುವಾಗ ಬ್ಯಾಂಕಿನ ಪುಟ, ಮಗುವಿನ ಆಸ್ಪತ್ರೆಯ ವರದಿ ಎಲ್ಲವೂ ಸಿಕ್ಕಿಬೀಳುತ್ತವೆ. ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸಂಗ್ರಹಿಸಿದ ವೈಯಕ್ತಿಕ ದತ್ತಾಂಶಕ್ಕೆ ಸಾಕಷ್ಟು ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅಗತ್ಯವಿಲ್ಲದ ದತ್ತಾಂಶವನ್ನು ಕೂಡಿಹಾಕಿ ಅದರ ಹೊಣೆಯನ್ನು ನೀವೇಕೆ ಹೊರಬೇಕು?

ನಿಮ್ಮ ನಿಜವಾದ ಭಯ ಬೇರೆ ಇರಬಹುದು: ಸಿಬ್ಬಂದಿ ಇನ್ನೊಂದು ಕಂಪನಿಗೂ ದುಡಿಯುತ್ತಿದ್ದರೆ? ಈ ಭಯ ಆಧಾರವಿಲ್ಲದ್ದಲ್ಲ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಅವರು, ಪ್ರತಿಸ್ಪರ್ಧಿ ಸಂಸ್ಥೆಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಕೆಲಸದಿಂದ ತೆಗೆದಿರುವುದಾಗಿ ಹೇಳಿದ್ದರು. ಅದಕ್ಕೆ ಮದ್ದು ನೇಮಕಾತಿ ಪತ್ರದಲ್ಲಿ ಸ್ಪಷ್ಟವಾದ ಷರತ್ತು, ಗ್ರಾಹಕರ ದತ್ತಾಂಶ ಕಂಪನಿಯ ಲ್ಯಾಪ್‌ಟಾಪಿನಿಂದ ಹೊರಹೋಗದಂತೆ ಬಂದೋಬಸ್ತು, ಹಾಗೂ ವಾರಕ್ಕೊಮ್ಮೆ ಟೀಮ್ ಲೀಡರ್ ಪ್ರತಿಯೊಬ್ಬರೊಂದಿಗೆ ಕೆಲಸವನ್ನು ಮುಂದಿಟ್ಟುಕೊಂಡು ಅರ್ಧ ಗಂಟೆ ಮಾತನಾಡುವುದು. ಈ ಮೂರನೆಯದನ್ನೇ ಹೆಚ್ಚಿನ ಸಂಸ್ಥೆಗಳು ಕೈಬಿಡುತ್ತವೆ.

ಸೋಮಾರಿತನಕ್ಕಿಂತ ಅತಿದುಡಿಮೆ ದೊಡ್ಡ ತೊಂದರೆಯಾಗಿರಬಹುದು ಎಂಬುದನ್ನೂ ಯೋಚಿಸಿ. ಏಷ್ಯಾದ ದೊಡ್ಡ ಐಟಿ ಸೇವಾ ಕಂಪನಿಯೊಂದರ ಹತ್ತು ಸಾವಿರಕ್ಕೂ ಹೆಚ್ಚು ನೌಕರರ ಕೆಲಸದ ದಾಖಲೆಗಳನ್ನು ಕೋವಿಡ್‌ಗೆ ಮುಂಚೆ ಮತ್ತು ಲಾಕ್‌ಡೌನ್ ಕಾಲದಲ್ಲಿ ಹೋಲಿಸಿದ ಅಧ್ಯಯನವೊಂದರಲ್ಲಿ, ಮನೆಗೆ ಹೋದ ಮೇಲೆ ದುಡಿಮೆಯ ಗಂಟೆಗಳು ಹೆಚ್ಚಿದವು, ಆದರೆ ಉತ್ಪಾದಕತೆ ಶೇ 8ರಿಂದ 19ರಷ್ಟು ಇಳಿಯಿತು. ಹೆಚ್ಚಿದ ಗಂಟೆಗಳಲ್ಲಿ ಬಹುಪಾಲನ್ನು ಸಭೆಗಳೂ ಸಮನ್ವಯವೂ ನುಂಗಿದವು. ಅಡಚಣೆಯಿಲ್ಲದೆ ಕೆಲಸ ಮಾಡುವ ವೇಳೆ ಕುಗ್ಗಿತು, ಮೇಲಧಿಕಾರಿಯೊಂದಿಗೆ ಒಬ್ಬೊಬ್ಬರೇ ಮಾತನಾಡುವ ಅವಕಾಶವೂ ಕಡಿಮೆಯಾಯಿತು. ನಿಮ್ಮ ನಲವತ್ತು ಜನರ ಕಳೆದ ವಾರದ ವಿಡಿಯೊ ಸಭೆಗಳ ಗಂಟೆಗಳನ್ನು ಒಮ್ಮೆ ಕೂಡಿಸಿ ನೋಡಿ. ತಂತ್ರಾಂಶಕ್ಕೆ ಹಾಕಬೇಕೆಂದಿದ್ದ ಹಣ ಉಳಿಯುತ್ತದೆ, ರೋಗವೂ ಪತ್ತೆಯಾಗಬಹುದು.

ಪ್ರಶ್ನೆ: ಮಂಗಳೂರಿನಲ್ಲಿ ಸಣ್ಣ ಐಟಿ ಸಂಸ್ಥೆ ನಡೆಸುತ್ತೇನೆ. ಮನೆಯಿಂದ ಕೆಲಸ ಬಂದ ಮೇಲೆ ಊರು ಬಿಡದವರು ನಮಗೆ ಸಿಗುತ್ತಾರೆ ಎಂದುಕೊಂಡಿದ್ದೆ. ಈಗ ನಾವು ಕಲಿಸಿದವರೇ ಮಂಗಳೂರಿನಲ್ಲಿ ಕೂತು ಬೆಂಗಳೂರಿನ ಕಂಪನಿಗಳಿಗೆ ದುಡಿಯುತ್ತಿದ್ದಾರೆ.
– ಓದುಗರು, ಮಂಗಳೂರು

ಉತ್ತರ: ನೀವು ಬರೆದದ್ದು ಈ ವ್ಯವಸ್ಥೆಯ ಬಗ್ಗೆ ಕಡಿಮೆ ಚರ್ಚೆಯಾಗುವ ಮುಖ. ಬೆಂಗಳೂರಿನ ಸಂಸ್ಥೆಗೆ ಸಿರಸಿಯ ಅಥವಾ ವಿಜಯಪುರದ ಪ್ರತಿಭೆ ಸಿಗುವ ಅದೇ ಬಾಗಿಲಿನಿಂದ ಸಣ್ಣ ಊರಿನ ಸಂಸ್ಥೆಯ ಪ್ರತಿಭೆ ಹೊರಹೋಗುತ್ತದೆ. ಹಿಂದೆ ಊರು ಬಿಡಲು ಮನಸ್ಸಿಲ್ಲದವರು ಸಂಬಳ ಸ್ವಲ್ಪ ಕಡಿಮೆಯಾದರೂ ನಿಮ್ಮಲ್ಲಿ ಉಳಿಯುತ್ತಿದ್ದರು. ಈಗ ಅವರು ಊರನ್ನೂ ಸಂಬಳವನ್ನೂ ಒಟ್ಟಿಗೆ ಪಡೆಯಬಲ್ಲರು. ರಾಜ್ಯ ಸರ್ಕಾರ ‘ಬಿಯಾಂಡ್ ಬೆಂಗಳೂರು’ ಹೆಸರಿನಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳನ್ನು ಬೆಳೆಸಲು ಹೊರಟಿರುವುದು ಒಳ್ಳೆಯ ಕೆಲಸವೇ ಆದರೂ, ಅಲ್ಲಿ ಈಗಾಗಲೇ ಇರುವ ನಿಮ್ಮಂಥ ಸಂಸ್ಥೆಗಳು ಕಲಿಸುವ ಖರ್ಚನ್ನು ಹೊತ್ತು, ಫಲವನ್ನು ಬೇರೆಯವರಿಗೆ ಬಿಟ್ಟುಕೊಡುವಂತಾದರೆ ಅದರ ಉದ್ದೇಶಕ್ಕೇ ಪೆಟ್ಟು ಬೀಳುತ್ತದೆ.

ಸಂಬಳದಲ್ಲಿ ನೀವು ಸರಿಗಟ್ಟಲಾರಿರಿ, ಸರಿಗಟ್ಟಲು ಹೋಗಲೂಬೇಡಿ. ದೂರದಿಂದ ದುಡಿಯುವವರಿಗೆ ದೊಡ್ಡ ಕಂಪನಿಯಲ್ಲಿ ಸಿಗದಿರುವುದು ಎರಡು: ಗ್ರಾಹಕರೊಂದಿಗೆ ನೇರ ಮಾತು, ಮತ್ತು ಮೇಲೇರುವ ಅವಕಾಶ. ಮೇಲೆ ಹೇಳಿದ ಸಿಟ್ರಿಪ್ ಪ್ರಯೋಗದಲ್ಲಿಯೂ, ಸಮಾನ ಸಾಧನೆ ತೋರಿದಾಗ ಮನೆಯಿಂದ ದುಡಿದವರಿಗೆ ಬಡ್ತಿ ಸಿಗುವ ಸಾಧ್ಯತೆ ಕಡಿಮೆ ಇತ್ತು. ಕಣ್ಣಿಗೆ ಬೀಳದವರು ನೆನಪಿಗೂ ಬರುವುದಿಲ್ಲ. ಎರಡು ಮೂರು ವರ್ಷದ ಅನುಭವದವರಿಗೆ ನಿಮ್ಮಲ್ಲಿ ಇಡೀ ಯೋಜನೆಯ ಹೊಣೆ ಕೊಡಿ, ಲಾಭದಲ್ಲಿ ಪಾಲು ಕೊಡಿ. ಬಿಟ್ಟುಹೋದವರೊಂದಿಗೂ ಸ್ನೇಹ ಉಳಿಸಿಕೊಳ್ಳಿ. ಬೆಂಗಳೂರಿನ ಕಂಪನಿ ಅವರನ್ನು ಕಚೇರಿಗೆ ಬನ್ನಿ ಎಂದು ಕರೆದ ದಿನ, ಊರು ಬಿಡಲೊಲ್ಲದವರು ಮೊದಲು ನಿಮಗೇ ಫೋನ್ ಮಾಡುವಂತಿರಬೇಕು.

ಪ್ರಶ್ನೆ: ದೊಡ್ಡ ದೊಡ್ಡ ಕಂಪನಿಗಳೇ ಸಿಬ್ಬಂದಿಯನ್ನು ವಾಪಸ್ ಕರೆಸಿಕೊಳ್ಳುತ್ತಿವೆ. ಮನೆಯಿಂದ ಕೆಲಸ ಸೋತಿದೆ ಎಂದಲ್ಲವೇ ಇದರರ್ಥ?
– ಓದುಗರು, ದಾವಣಗೆರೆ

ಉತ್ತರ: ಕರೆಸಿಕೊಳ್ಳುತ್ತಿರುವುದು ನಿಜ, ಅದು ಹೊಸದೂ ಅಲ್ಲ. ಯಾಹೂ 2013ರಲ್ಲಿ, ಐಬಿಎಂ 2017ರಲ್ಲಿ ಇದನ್ನೇ ಮಾಡಿದವು. 2025ರ ಹೊತ್ತಿಗೆ ಶೇ 25ರಷ್ಟು ಸಿಬ್ಬಂದಿ ಮಾತ್ರ ಕಚೇರಿಯಲ್ಲಿದ್ದರೆ ಸಾಕಾಗುತ್ತದೆ ಎಂದು 2020ರಲ್ಲಿ ಹೇಳಿದ್ದ ಟಿಸಿಎಸ್, 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದೂ ದಿನ ಬರಲು ಹೇಳಿತು. ಇನ್ಫೊಸಿಸ್ 2025ರ ಮಾರ್ಚ್‌ನಿಂದ ಸಿಬ್ಬಂದಿಯಲ್ಲಿ ಹಲವು ಹಂತದವರಿಗೆ ತಿಂಗಳಿಗೆ ಹತ್ತು ದಿನ ಕಡ್ಡಾಯ ಮಾಡಿತು. ಕಾಲೇಜಿನಿಂದ ನೇರವಾಗಿ ಸಾವಿರಾರು ಜನರನ್ನು ಸೇರಿಸಿಕೊಂಡು ಕಲಿಸುವ, ಹೊರದೇಶದ ಗ್ರಾಹಕರ ಗೋಪ್ಯ ದತ್ತಾಂಶವನ್ನು ನೋಡಿಕೊಳ್ಳುವ ಕಂಪನಿಗಳಿಗೆ ಅವುಗಳದೇ ಕಾರಣಗಳಿವೆ. ನಿಮ್ಮ ಸಂಸ್ಥೆಗೆ ಅವೇ ಕಾರಣಗಳಿದ್ದರೆ ಮಾತ್ರ ಅವರ ನಿರ್ಧಾರ ನಿಮಗೂ ಪಾಠ.

ಎರಡು ದಿನ ಮನೆ, ಮೂರು ದಿನ ಕಚೇರಿ ಎಂಬ ಮಧ್ಯದ ದಾರಿಗೆ ಗಟ್ಟಿಯಾದ ಆಧಾರವಿದೆ. ಈಗ ಟ್ರಿಪ್ ಡಾಟ್ ಕಾಮ್ ಎಂದು ಹೆಸರು ಬದಲಿಸಿಕೊಂಡಿರುವ ಅದೇ ಸಿಟ್ರಿಪ್‌ನ 1,612 ಸಿಬ್ಬಂದಿಯ ಮೇಲೆ 2021–22ರಲ್ಲಿ ನಡೆದು, 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೀಗೆ ಮಾಡಿದಾಗ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದು ಭಾಗದಷ್ಟು ಇಳಿಯಿತು. ಕೆಲಸದ ಮೌಲ್ಯಮಾಪನದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಮಹಿಳೆಯರಲ್ಲಿ ಮತ್ತು ದೂರದಿಂದ ಓಡಾಡುವವರಲ್ಲಿ ಪ್ರಯೋಜನ ಹೆಚ್ಚಾಗಿತ್ತು. ನಷ್ಟವಾಗುತ್ತದೆಂದು ಮೊದಲು ಊಹಿಸಿದ್ದ ವ್ಯವಸ್ಥಾಪಕರೂ ಕೊನೆಯಲ್ಲಿ ಅಭಿಪ್ರಾಯ ಬದಲಿಸಿದರು.

ಇನ್ನೊಂದು ಲಾಭವನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯ ಭಾಗ ಜಲಾವೃತವಾಗಿ, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋಗಬೇಕಾಗಿ ಬಂದಾಗ, ಮನೆಯಿಂದ ದುಡಿಯುವ ಅಭ್ಯಾಸವಿದ್ದ ಸಂಸ್ಥೆಗಳು ಸಿಬ್ಬಂದಿಗೆ ಬರಬೇಡಿ ಎಂದು ಹೇಳಿ ಕೆಲಸ ಮುಂದುವರಿಸಿದವು. ಈ ಅಭ್ಯಾಸವನ್ನು ತಿಂಗಳಿಗೆ ಕೆಲವೇ ದಿನವಾದರೂ ಉಳಿಸಿಕೊಳ್ಳುವುದು ಜಾಣತನ.

ಪ್ರಶ್ನೆ: ಮನೆಯಿಂದ ದುಡಿಯುವವರಿಗೆ ಕಾರ್ಮಿಕ ಕಾನೂನುಗಳು ಅನ್ವಯಿಸುತ್ತವೆಯೇ? ನಾವು ಈವರೆಗೆ ಬಾಯಿಮಾತಿನಲ್ಲೇ ನಡೆಸಿಕೊಂಡು ಬಂದಿದ್ದೇವೆ.
– ಓದುಗರು, ಶಿವಮೊಗ್ಗ

ಉತ್ತರ: ನೌಕರರು ಮನೆಯಲ್ಲಿ ಕೂತ ಮಾತ್ರಕ್ಕೆ ಮಾಲೀಕರ ಹೊಣೆ ತಪ್ಪುವುದಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಿಧಿಸಿರುವ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಮನೆಯಿಂದ ದುಡಿಯುವವರಿಗೂ ಪಾಲಿಸಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ಕೆಲಸದ ಸ್ಥಳ ಎಂಬುದರಲ್ಲಿ ವಾಸದ ಮನೆಯನ್ನೂ ಸೇರಿಸಿದೆ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ರಾತ್ರಿ ಹೊತ್ತಿನಲ್ಲಿ ಬರುವ ಅಸಭ್ಯ ಸಂದೇಶದ ದೂರನ್ನೂ ಅದು ಕೇಳಬೇಕು.

ಬಾಯಿಮಾತನ್ನು ಇಂದೇ ಬರಹಕ್ಕೆ ಇಳಿಸಿ. ಯಾವ ದಿನಗಳು ಮನೆ, ಯಾವ ವೇಳೆಯಲ್ಲಿ ಫೋನಿಗೆ ಸಿಗಬೇಕು, ಯಾವ ವೇಳೆಯ ನಂತರ ಸಿಗಬೇಕಾಗಿಲ್ಲ, ಲ್ಯಾಪ್‌ಟಾಪ್ ಯಾರದು, ಕೆಟ್ಟರೆ ರಿಪೇರಿ ಯಾರ ಖರ್ಚು, ಇಂಟರ್ನೆಟ್ ಭತ್ಯೆ ಎಷ್ಟು, ಗ್ರಾಹಕರ ಕಡತಗಳನ್ನು ಎಲ್ಲಿ ಇಡಬೇಕು, ಕಚೇರಿಗೆ ಪೂರ್ತಿ ಮರಳಿ ಕರೆಯುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು, ಎಲ್ಲವೂ ಅದರಲ್ಲಿರಲಿ. ಕೊನೆಯ ಅಂಶವನ್ನು ಬಹಳಷ್ಟು ಮಂದಿ ಮರೆಯುತ್ತಾರೆ. ಬಾಡಿಗೆ ಮನೆ ಬಿಟ್ಟು ಸ್ವಂತ ಊರಿಗೆ ಹೋದ ನೌಕರರಿಗೆ ಮರಳಲು ಕನಿಷ್ಠ ಎರಡು ತಿಂಗಳಾದರೂ ಬೇಕು. ಕರಡನ್ನು ಕನ್ನಡದಲ್ಲೂ ಕೊಟ್ಟು, ಓದಿ ಪ್ರಶ್ನೆ ಕೇಳಲು ಒಂದು ವಾರ ಬಿಡಿ. ಸಹಿ ಹಾಕಿಸುವ ಮುನ್ನ ನಿಮ್ಮ ಊರಿನ ಕಾರ್ಮಿಕ ಕಾನೂನು ಬಲ್ಲ ವಕೀಲರೊಬ್ಬರಿಗೆ ತೋರಿಸಿ.